ಪುನರ್ವಸತಿ ಕೇಂದ್ರ ಬೆಳೆಯಬೇಕಾದುದು ಯಾವ ದಿಕ್ಕಿಗೆ?

ವಿಕಲಚೇತನ ಮಕ್ಕಳ ಪುನರ್ವಸತಿ ಕೇಂದ್ರವೊಂದು ಬೆಳೆದಿದೆ ಎಂದು ಹೇಳುವಾಗ ನಾವು ಸಾಮಾನ್ಯವಾಗಿ ಎಣಿಸುವುದು ಏನನ್ನು? ಕಟ್ಟಡದ ಮಹಡಿಗಳನ್ನು, ಹಾಸಿಗೆಗಳನ್ನು, ದಾನಿಗಳ ಹೆಸರು ಕೆತ್ತಿದ ಫಲಕಗಳನ್ನು, ವಾರ್ಷಿಕೋತ್ಸವದ ವೇದಿಕೆಯಲ್ಲಿ ಹಂಚಲಾದ ಗಾಲಿಕುರ್ಚಿಗಳನ್ನು. ಪತ್ರಿಕೆಗಳಲ್ಲಿ ಬರುವ ಛಾಯಾಚಿತ್ರವೂ ಅದರದ್ದೇ. ಆದರೆ ಎರಡು ಬಸ್ಸು ಬದಲಿಸಿ, ಒಂದು ದಿನದ ಕೂಲಿ ಕಳೆದುಕೊಂಡು, ಕತ್ತು ನಿಲ್ಲದ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಡಬೇಕಾದ ತಾಯಿಯ ಪಾಲಿಗೆ ಆ ಕಟ್ಟಡ ಒಂದು ಮಹಡಿ ಏರಿದರೇನು, ಮೂರು ಮಹಡಿ ಏರಿದರೇನು? ಮೊದಲ ತಿಂಗಳು ಆಕೆ ಹೋಗುತ್ತಾಳೆ. ಎರಡನೆಯ ತಿಂಗಳು ಕಷ್ಟಪಟ್ಟು ಹೋಗುತ್ತಾಳೆ. ಮೂರನೆಯ ತಿಂಗಳಿಗೆ ಆ ಮಗುವಿನ ಚಿಕಿತ್ಸೆ ನಿಂತುಹೋಗುತ್ತದೆ. ಆದ್ದರಿಂದ ಒಂದು ಕೇಂದ್ರ ಎಷ್ಟು ಬೆಳೆದಿದೆ ಎಂಬುದಕ್ಕಿಂತ ಯಾವ ದಿಕ್ಕಿಗೆ ಬೆಳೆದಿದೆ ಎಂಬುದು ಹೆಚ್ಚು ಮುಖ್ಯವಾದ ಪ್ರಶ್ನೆ ಎಂದು ನಾವು ಭಾವಿಸುತ್ತೇವೆ.

ಈ ಪ್ರಶ್ನೆಗೆ ಉತ್ತರ ಹುಡುಕುವವರು ತಮಿಳುನಾಡಿನ ಆಯಿಕುಡಿಯತ್ತ ನೋಡಬೇಕು. ಕುಟ್ರಾಲಂ ಜಲಪಾತಕ್ಕೆ ಸಮೀಪದ, ಇಂದು ತೆಂಕಾಶಿ ಜಿಲ್ಲೆಗೆ ಸೇರಿರುವ ಪುಟ್ಟ ಊರು ಅದು. ಅಲ್ಲಿಯ ಅಮರ್ ಸೇವಾ ಸಂಗಮ್‌ನ ಕಥೆಗೆ ನಮ್ಮ ಬೆಂಗಳೂರಿನ ನಂಟೂ ಇದೆ. 1970ರ ದಶಕದ ಮಧ್ಯಭಾಗದಲ್ಲಿ ನೌಕಾಪಡೆಯ ಅಧಿಕಾರಿಗಳ ಆಯ್ಕೆ ಪರೀಕ್ಷೆಗೆಂದು ಎಸ್. ರಾಮಕೃಷ್ಣನ್ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿ ಬೆಂಗಳೂರಿಗೆ ಬಂದಿದ್ದರು. ದೈಹಿಕ ಪರೀಕ್ಷೆಯ ವೇಳೆ ಬಿದ್ದು ಕುತ್ತಿಗೆಯ ಬೆನ್ನುಹುರಿಗೆ ಏಟಾಯಿತು. ಕುತ್ತಿಗೆಯಿಂದ ಕೆಳಗಿನ ದೇಹ ಸ್ವಾಧೀನ ಕಳೆದುಕೊಂಡಿತು. ಸೇನಾಧಿಕಾರಿಯಾಗಬೇಕೆಂದು ಹೊರಟಿದ್ದ ಯುವಕ ಹುಟ್ಟೂರಿಗೆ ಮರಳಿದ್ದು ಗಾಲಿಕುರ್ಚಿಯಲ್ಲಿ. ವಿಶ್ವಸಂಸ್ಥೆಯು ಅಂತಾರಾಷ್ಟ್ರೀಯ ವಿಕಲಚೇತನರ ವರ್ಷವೆಂದು ಸಾರಿದ್ದ 1981ರಲ್ಲಿ ಅವರು ಬೆರಳೆಣಿಕೆಯ ಮಕ್ಕಳೊಂದಿಗೆ ಹುಲ್ಲು ಮಾಡಿನ ಕೆಳಗೆ ಶಾಲೆ ಆರಂಭಿಸಿದರು. ಸಂಸ್ಥೆಗೆ ಇಟ್ಟದ್ದು ತನ್ನ ಹೆಸರನ್ನಲ್ಲ, ದಾನಿಯ ಹೆಸರನ್ನೂ ಅಲ್ಲ. ತನಗೆ ಚಿಕಿತ್ಸೆ ನೀಡಿ ಧೈರ್ಯ ತುಂಬಿದ ಸೇನಾ ವೈದ್ಯ ಡಾ. ಅಮರ್‌ಜೀತ್ ಸಿಂಗ್ ಚಹಲ್ ಅವರ ಹೆಸರಿನ ಮೊದಲ ಭಾಗವನ್ನು.

1992ರಲ್ಲಿ ಎಸ್. ಶಂಕರ ರಾಮನ್ ಎಂಬ ಚಾರ್ಟರ್ಡ್ ಅಕೌಂಟೆಂಟ್ ಈ ಸಂಸ್ಥೆಯೊಂದಿಗೆ ಸೇರಿಕೊಂಡರು. ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಶಕ್ತಿ ಕಳೆದುಕೊಳ್ಳುತ್ತಾ ಹೋಗುವ ಕಾಯಿಲೆ ಅವರದ್ದು. ಗಾಲಿಕುರ್ಚಿಯ ಮೇಲಿನ ಈ ಇಬ್ಬರ ಮುಂದಾಳತ್ವದಲ್ಲಿ ಸಂಸ್ಥೆ ಬೆಳೆಯಿತು. ವಿಕಲಚೇತನ ಮಕ್ಕಳೂ ಇತರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತು ಕಲಿಯುವ ಶಾಲೆ, ಕ್ಯಾಲಿಪರ್ ಮತ್ತು ಕೃತಕ ಕಾಲುಗಳನ್ನು ತಯಾರಿಸುವ ಕಾರ್ಯಾಗಾರ, ಬೆನ್ನುಹುರಿಗೆ ಏಟಾದವರ ಆರೈಕೆಯ ಘಟಕ, ವೃತ್ತಿ ತರಬೇತಿ. 2020ರಲ್ಲಿ ಕೇಂದ್ರ ಸರಕಾರ ರಾಮಕೃಷ್ಣನ್ ಅವರಿಗೆ ಪದ್ಮಶ್ರೀ ಘೋಷಿಸಿತು. ಇಷ್ಟು ಮಾತ್ರವಾಗಿದ್ದರೆ ಇದೊಂದು ಸ್ಫೂರ್ತಿದಾಯಕ ಕಥೆಯಾಗಿ ಮುಗಿದುಬಿಡುತ್ತಿತ್ತು. ನಾವು ಓದಿ, ಮೆಚ್ಚಿ, ಪುಟ ತಿರುಗಿಸಿಬಿಡುತ್ತಿದ್ದೆವು.

ನಿಜವಾಗಿ ಆಯಿಕುಡಿಯ ಹೆಗ್ಗಳಿಕೆ ಇರುವುದು ಅದರ ಆವರಣದ ಒಳಗಲ್ಲ, ಹೊರಗೆ. ಕೇಂದ್ರಕ್ಕೆ ಬರುವ ಮಕ್ಕಳಿಗಿಂತ ಬರಲಾಗದ ಮಕ್ಕಳೇ ಹೆಚ್ಚು ಎಂಬುದನ್ನು ಅರಿತ ಸಂಸ್ಥೆ ತಾನೇ ಮನೆಗಳ ಕಡೆಗೆ ಹೊರಟಿತು. ಸುತ್ತಲಿನ ನೂರಾರು ಹಳ್ಳಿಗಳಲ್ಲಿ ಸ್ಥಳೀಯ ಕಾರ್ಯಕರ್ತರನ್ನು ತರಬೇತುಗೊಳಿಸಿತು. ಅವರಲ್ಲಿ ಹೆಚ್ಚಿನವರು ಮಹಿಳೆಯರು. ಅವರು ಮನೆಮನೆಗೆ ಹೋಗುತ್ತಾರೆ, ಮಗುವನ್ನು ಗುರುತಿಸುತ್ತಾರೆ, ತಾಯಿಗೆ ವ್ಯಾಯಾಮ ಕಲಿಸುತ್ತಾರೆ. ಫಿಸಿಯೋಥೆರಪಿ, ಮಾತಿನ ತರಬೇತಿ, ವಿಶೇಷ ಶಿಕ್ಷಣದ ಪರಿಣಿತರು ಅವರ ಬೆನ್ನಿಗಿರುತ್ತಾರೆ. ಪ್ರತಿ ಮಗುವಿನ ಪ್ರಗತಿಯನ್ನು ದಾಖಲಿಸಲು ಸಂಸ್ಥೆಯೇ ಒಂದು ಮೊಬೈಲ್ ಆಪ್ ರೂಪಿಸಿದೆ. 2020ರ ಲಾಕ್‌ಡೌನ್‌ನಲ್ಲಿ ಕೇಂದ್ರಗಳ ಬಾಗಿಲು ಮುಚ್ಚಿದಾಗ ಈ ವ್ಯವಸ್ಥೆಯ ಬೆಲೆ ತಿಳಿಯಿತು. ತಾಯಂದಿರಿಗೆ ಮೊದಲೇ ಕಲಿಸಿಟ್ಟದ್ದರಿಂದ ಫೋನ್ ಮೂಲಕವೇ ಮಾರ್ಗದರ್ಶನ ಮುಂದುವರಿಸಲು ಸಾಧ್ಯವಾಯಿತು.

ಹಾಗಂತ ಇದೇನೂ ಆಯಿಕುಡಿ ಕಂಡುಹಿಡಿದ ಹೊಸ ವಿಚಾರವಲ್ಲ. 1978ರ ಆಲ್ಮಾ ಅಟಾ ಘೋಷಣೆಯ ಬಳಿಕ ವಿಶ್ವ ಆರೋಗ್ಯ ಸಂಸ್ಥೆಯು ಸಮುದಾಯ ಆಧಾರಿತ ಪುನರ್ವಸತಿ ಎಂಬ ಪರಿಕಲ್ಪನೆಯನ್ನು ಮುಂದಿಟ್ಟಿತು. ಪರಿಣಿತರು ನಗರಗಳಲ್ಲಿ, ಮಕ್ಕಳು ಹಳ್ಳಿಗಳಲ್ಲಿ ಇರುವ ದೇಶಗಳಲ್ಲಿ ಪರಿಣಿತರ ಅರಿವನ್ನು ಮನೆಯವರ ಕೈಗೆ ಕೊಡದೆ ಬೇರೆ ದಾರಿಯಿಲ್ಲ ಎಂಬುದೇ ಅದರ ತಿರುಳು. ದಶಕಗಳು ಕಳೆದರೂ ನಮ್ಮಲ್ಲಿ ಈಗಲೂ ಸುಲಭವಾಗಿ ಹಣ ಹುಟ್ಟುವುದು ಕಟ್ಟಡಕ್ಕೇ ಹೊರತು ಮನೆ ಬಾಗಿಲಿಗೆ ಹೋಗುವ ಕಾರ್ಯಕರ್ತೆಯ ಸಂಬಳಕ್ಕಲ್ಲ. ಕಟ್ಟಡದ ಮೇಲೆ ಹೆಸರು ಬರೆಯಬಹುದು. ಕಾರ್ಯಕರ್ತೆಯ ಚಪ್ಪಲಿಯ ಮೇಲೆ ಬರೆಯಲಾಗುತ್ತದೆಯೇ?

ಇನ್ನೊಂದು ಬದಲಾವಣೆಯನ್ನೂ ನಾವು ಗಮನಿಸಬೇಕಾಗಿದೆ. ಆಯಿಕುಡಿಯ ಶಾಲೆ ಆರಂಭವಾದ ಕಾಲದಲ್ಲಿ ಮಕ್ಕಳ ವೈಕಲ್ಯ ಎಂದೊಡನೆ ಕಣ್ಣ ಮುಂದೆ ಬರುತ್ತಿದ್ದುದು ಪೋಲಿಯೋ. ಅಂತಹ ಮಗುವಿಗೆ ಕ್ಯಾಲಿಪರ್, ಊರುಗೋಲು ಮತ್ತು ಶಾಲೆಯ ಬಾಗಿಲು ಸಿಕ್ಕರೆ ಬದುಕಿನ ದೊಡ್ಡ ತಡೆ ಸರಿಯುತ್ತಿತ್ತು. ಲಸಿಕೆಯ ಕಾರಣದಿಂದ ಭಾರತದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ದಾಖಲಾಯಿತು. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೋ ಮುಕ್ತವೆಂದು ಘೋಷಿತವಾಯಿತು. ಇಂದು ಇಂಥ ಕೇಂದ್ರಗಳ ಬಾಗಿಲಲ್ಲಿ ಕಾಣುವುದು ಹೆಚ್ಚಾಗಿ ಸೆರೆಬ್ರಲ್ ಪಾಲ್ಸಿ, ಆಟಿಸಂ, ಬೆಳವಣಿಗೆಯ ಹಿನ್ನಡೆ ಇರುವ ಮಕ್ಕಳು. ತಿಂಗಳು ತುಂಬುವ ಮೊದಲೇ ಹುಟ್ಟಿದ, ಹೆರಿಗೆಯ ವೇಳೆ ಮಿದುಳಿಗೆ ಆಮ್ಲಜನಕ ಸಾಲದೆ ಹೋದ, ಹುಟ್ಟಿದ ದಿನಗಳಲ್ಲಿ ತೀವ್ರ ಕಾಮಾಲೆಗೆ ಸಕಾಲದಲ್ಲಿ ಚಿಕಿತ್ಸೆ ಸಿಗದ ಶಿಶುಗಳಲ್ಲಿ ಸೆರೆಬ್ರಲ್ ಪಾಲ್ಸಿಯ ಸಾಧ್ಯತೆ ಹೆಚ್ಚು. ಇಲ್ಲಿ ಪೆಟ್ಟು ಬಿದ್ದಿರುವುದು ಮಿದುಳಿಗೆ. ಆ ಪೆಟ್ಟು ಬೆಳೆಯುವುದಿಲ್ಲ, ನಿಜ. ಆದರೆ ಮಗುವನ್ನು ಮಲಗಿಸಿಯೇ ಬಿಟ್ಟರೆ ಸ್ನಾಯುಗಳು ಬಿಗಿಯುತ್ತವೆ, ಸೊಂಟದ ಕೀಲು ಜಾರುತ್ತದೆ. ಮೊದಲ ವರ್ಷಗಳಲ್ಲಿ ಕಲಿಸಬಹುದಾಗಿದ್ದುದನ್ನು ಹತ್ತನೆಯ ವಯಸ್ಸಿನಲ್ಲಿ ಕಲಿಸುವುದು ಬಹಳ ಕಷ್ಟವಾಗುತ್ತದೆ.

ಮಗುವಿನ ಕತ್ತು 4 ತಿಂಗಳಿಗೂ ನಿಲ್ಲದಿದ್ದರೆ, 9 ತಿಂಗಳಿಗೂ ಆಸರೆಯಿಲ್ಲದೆ ಕೂರದಿದ್ದರೆ, 18 ತಿಂಗಳಿಗೂ ನಡೆಯದಿದ್ದರೆ, ಸದ್ದಿಗೆ ತಿರುಗದಿದ್ದರೆ, ಕಣ್ಣಿಗೆ ಕಣ್ಣು ಕೊಡದಿದ್ದರೆ ಕಾಯಬಾರದು. ಒಂದು ವರ್ಷದೊಳಗಿನ ಮಗು ಒಂದೇ ಕೈಯನ್ನು ಬಳಸಿ ಇನ್ನೊಂದನ್ನು ಮುಷ್ಟಿ ಕಟ್ಟಿಯೇ ಇಟ್ಟುಕೊಂಡರೆ ಅದು ಹೆಮ್ಮೆಪಡುವ ವಿಷಯವಲ್ಲ, ಎಚ್ಚರಿಕೆಯ ಗಂಟೆ. ಆದರೆ ನಮ್ಮ ಮನೆಗಳಲ್ಲಿ ಏನಾಗುತ್ತಿದೆ? 'ನಮ್ಮ ವಂಶದಲ್ಲಿ ಎಲ್ಲರೂ ತಡವಾಗಿಯೇ ನಡೆದವರು' ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ದೃಷ್ಟಿ ತೆಗೆಸಲಾಗುತ್ತದೆ, ತಾಯಿತ ಕಟ್ಟಲಾಗುತ್ತದೆ. ಹೀಗೆ ಒಂದು ವರ್ಷ ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಆ ಮಗು ಕಳಕೊಂಡದ್ದು ಬರೇ ಸಮಯವನ್ನಲ್ಲ, ತನ್ನ ಕಾಲ ಮೇಲೆ ನಿಲ್ಲುವ ಸಾಧ್ಯತೆಯನ್ನು.

ಮನೆಯಲ್ಲಿ ಮಾಡಬಹುದಾದ ಕೆಲಸಗಳು ದುಬಾರಿಯೂ ಅಲ್ಲ. ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬಿಗಿಯುವ ಮಗುವನ್ನು ಸೊಂಟದ ಮೇಲೆ, ಕಾಲುಗಳನ್ನು ಅತ್ತಿತ್ತ ಅಗಲಿಸಿ ಎತ್ತಿಕೊಳ್ಳಬೇಕು ಎನ್ನುತ್ತಾರೆ ತಜ್ಞರು. ನಮ್ಮ ಅಜ್ಜಿಯಂದಿರು ಮಕ್ಕಳನ್ನು ಎತ್ತಿಕೊಳ್ಳುತ್ತಿದ್ದುದೇ ಹಾಗೆ. ಮಲಗಿಸಿ ಗಂಜಿ ಕುಡಿಸಿದರೆ ಅದು ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ, ಕೂರಿಸಿಯೇ ಉಣಿಸಬೇಕು. ಊರ ಬಡಗಿ ಒಂದು ಮೂಲೆಕುರ್ಚಿ ಮಾಡಿಕೊಟ್ಟರೆ ಮಗು ಬೆನ್ನು ನೇರವಾಗಿಸಿ ಕೂರಬಹುದು, ಮನೆಯವರೊಂದಿಗೆ ಉಣ್ಣಬಹುದು. ಆದರೆ ಇವನ್ನೆಲ್ಲ ಒಬ್ಬರು ಬಂದು ಕಲಿಸಬೇಕು, ವಾರವಾರವೂ ಬಂದು ತಿದ್ದಬೇಕು. ಅಮರ್ ಸೇವಾ ಸಂಗಮ್‌ನ ಕಾರ್ಯಕರ್ತೆ ಮಾಡುತ್ತಿರುವುದು ಅದನ್ನೇ.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಮನೆಯೇ ಕೇಂದ್ರವಾದರೆ ದೊಡ್ಡ ಕೇಂದ್ರಗಳು ಬೇಡವೇ ಎಂಬುದು ಮೊದಲನೆಯದು. ಖಂಡಿತ ಬೇಕು. ಶಸ್ತ್ರಚಿಕಿತ್ಸೆ, ಶ್ರವಣ ಸಾಧನ, ಅಳತೆಗೆ ತಕ್ಕ ಕ್ಯಾಲಿಪರ್‌ಗಳೆಲ್ಲ ಮನೆಯಲ್ಲಿ ಆಗುವಂಥವಲ್ಲ. ಶ್ರವಣ ದೋಷಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ಎಪಿಡಿ ಸಂಸ್ಥೆ ಇದೆ. ಮನೆ ಮತ್ತು ಇಂತಹ ಸಂಸ್ಥೆಗಳ ನಡುವೆ ಸೇತುವೆ ಇಲ್ಲದಿರುವುದೇ ಸಮಸ್ಯೆ. ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು: ಇದರಿಂದ ಹೊರೆಯೆಲ್ಲ ತಾಯಿಯ ತಲೆಗೇ ಬೀಳುವುದಿಲ್ಲವೇ? ಬೀಳುತ್ತದೆ, ನಾವು ಬೀಳಿಸಿದರೆ. ಮಗು ಹುಟ್ಟಿದ್ದಕ್ಕೆ ಸೊಸೆಯನ್ನು ದೂರುವ, ಗಂಡಸರು ಮಗುವಿನ ವ್ಯಾಯಾಮವನ್ನು ಹೆಣ್ಣಿನ ಕೆಲಸವೆಂದು ಬಗೆಯುವ ಮನೆಯಲ್ಲಿ ಯಾವ ಯೋಜನೆಯೂ ಗೆಲ್ಲದು. ದಿನಕ್ಕೆ ಅರ್ಧ ತಾಸು ಮಗುವಿನ ಕೈಕಾಲು ಆಡಿಸಲು ತಂದೆಗೆ ಪದವಿ ಬೇಕಿಲ್ಲ.

ಇನ್ನು ಸರಕಾರದ ವಿಷಯ. 1995ರ ಕಾಯ್ದೆಯ ಜಾಗಕ್ಕೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂತು. ವೈಕಲ್ಯಗಳ ಪಟ್ಟಿ 7ರಿಂದ 21ಕ್ಕೆ ಏರಿತು. ಕನಿಷ್ಠ ಶೇ. 40 ವೈಕಲ್ಯವಿರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಸಿಕ್ಕಿತು. ಸ್ವಾಗತಾರ್ಹವೇ. ಆದರೆ ಮಿದುಳು ಅತ್ಯಂತ ವೇಗವಾಗಿ ಕಲಿಯುವ ಮೊದಲ 6 ವರ್ಷಗಳ ಕಥೆಯೇನು? ಅಪಾಯದಲ್ಲಿರುವ ಮಕ್ಕಳನ್ನು ಗುರುತಿಸಲು ವರ್ಷಕ್ಕೊಮ್ಮೆಯಾದರೂ ಎಲ್ಲ ಮಕ್ಕಳ ತಪಾಸಣೆ ನಡೆಸಬೇಕೆಂದು ಅದೇ ಕಾಯ್ದೆ ಹೇಳುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಜಿಲ್ಲೆಗೊಂದು ಶೀಘ್ರ ಮಧ್ಯಸ್ಥಿಕೆ ಕೇಂದ್ರದ ಪ್ರಸ್ತಾಪವಿದೆ. ನಮ್ಮ ಓದುಗರಲ್ಲಿ ಎಷ್ಟು ಮಂದಿ ತಮ್ಮ ಜಿಲ್ಲಾಸ್ಪತ್ರೆಯಲ್ಲಿ ಅದರ ಬಾಗಿಲನ್ನು ಕಂಡಿದ್ದಾರೆ? 2011ರ ಜನಗಣತಿಯ ಪ್ರಕಾರ ದೇಶದ ವಿಕಲಚೇತನರ ಸಂಖ್ಯೆ 2.68 ಕೋಟಿ. ಅವರಲ್ಲಿ 6 ವರ್ಷದವರೆಗಿನ ಮಕ್ಕಳೇ 20 ಲಕ್ಷಕ್ಕೂ ಅಧಿಕ. ಗುರುತಿಸದೆ ಹೋದ, ಮನೆಯವರೇ ಹೇಳದೆ ಬಿಟ್ಟ ಮಕ್ಕಳು ಈ ಲೆಕ್ಕದ ಹೊರಗಿದ್ದಾರೆ. 2015ರ ಕೊನೆಯಲ್ಲಿ ಪ್ರಧಾನಿಯವರು 'ದಿವ್ಯಾಂಗ' ಎಂಬ ಪದವನ್ನು ಕೊಟ್ಟರು. ಅಂಗವಿಕಲ ಹೋಗಿ ವಿಕಲಚೇತನ, ವಿಕಲಚೇತನ ಹೋಗಿ ದಿವ್ಯಾಂಗ. ಹೆಸರು ಬದಲಾದಷ್ಟು ಸಲೀಸಾಗಿ ಕಚೇರಿಗಳ ಮೆಟ್ಟಿಲುಗಳು ಬದಲಾಗಲಿಲ್ಲ.

ಹಾಗೆ ನೋಡಿದರೆ ನಮ್ಮ ರಾಜ್ಯದಲ್ಲಿ ಆಯಿಕುಡಿಯ ಮಾದರಿಗೆ ಬೇಕಾದ ಅಸ್ಥಿಪಂಜರ ಈಗಾಗಲೇ ಇದೆ. ಗ್ರಾಮ ಪಂಚಾಯತ್‌ಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ನಗರಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಸ್ವತಃ ವಿಕಲಚೇತನರಾದ ಇವರು ಗೌರವಧನದ ಮೇಲೆ ದುಡಿಯುತ್ತಾ, ಉದ್ಯೋಗ ಭದ್ರತೆಗಾಗಿ ಮತ್ತೆ ಮತ್ತೆ ಬೀದಿಗಿಳಿದವರು. ಅರ್ಜಿ ತುಂಬಿಸುವ, ಪಿಂಚಣಿಯ ಕಾಗದ ಓಡಾಡಿಸುವ ಕೆಲಸಕ್ಕೆ ಅವರನ್ನು ಸೀಮಿತಗೊಳಿಸುವ ಬದಲು ಶಿಶುಗಳನ್ನು ಗುರುತಿಸಲು, ತಾಯಂದಿರಿಗೆ ಕಲಿಸಲು ತರಬೇತಿ ನೀಡಿ, ಅದಕ್ಕೆ ತಕ್ಕ ಸಂಬಳ ಕೊಡಬಾರದೇ? ಸ್ಥಳೀಯ ಸಂಸ್ಥೆಗಳು ತಮ್ಮ ಆದಾಯದಲ್ಲಿ ಶೇ. 5ನ್ನು ವಿಕಲಚೇತನರಿಗಾಗಿ ಮೀಸಲಿಡಬೇಕೆಂಬ ನಿಯಮವಿದೆ. ಆ ಹಣ ತ್ರಿಚಕ್ರ ವಾಹನ ವಿತರಣೆಯ ಒಂದು ದಿನದ ಸಮಾರಂಭದಲ್ಲಿ ಮುಗಿಯಬೇಕೇ, ಅಥವಾ ವರ್ಷವಿಡೀ ಮನೆ ತಲುಪುವ ಒಬ್ಬ ಫಿಸಿಯೋಥೆರಪಿಸ್ಟ್‌ಗೆ ಸಲ್ಲಬೇಕೇ? ಈ ಪ್ರಶ್ನೆಯನ್ನು ನಗರಸಭೆಯ ಸದಸ್ಯರಲ್ಲಿ ಕೇಳಬೇಕಾದವರು ನಾವೇ.

ನಮ್ಮೊಳಗೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳೂ ಇವೆ. ಅತಿಥಿಗಳು ಬಂದಾಗ ಆ ಮಗುವನ್ನು ಒಳಕೋಣೆಗೆ ಸಾಗಿಸುವುದೇಕೆ? ಅಕ್ಕನ ಮದುವೆ ಮಾತುಕತೆಗೆ ತಮ್ಮನ ವೈಕಲ್ಯ ಅಡ್ಡಿಯಾದೀತೆಂದು ಅವನ ಇರವನ್ನೇ ಮುಚ್ಚಿಡುವುದೇಕೆ? ನಮ್ಮ ಶಾಲೆಗಳ ಆಡಳಿತ ಮಂಡಳಿಗಳು 'ನಮ್ಮಲ್ಲಿ ಅಂಥ ಮಕ್ಕಳಿಗೆ ವ್ಯವಸ್ಥೆ ಇಲ್ಲ' ಎಂಬ ಒಂದೇ ವಾಕ್ಯದಲ್ಲಿ ಹೊಣೆ ಮುಗಿಸುವುದು ಸರಿಯೇ? ಲಕ್ಷಾಂತರ ರೂಪಾಯಿ ಸುರಿದು ಕಟ್ಟುವ ಮದುವೆ ಹಾಲ್‌ಗಳಿಗೆ, ಮಸೀದಿಗಳಿಗೆ ಒಂದು ಇಳಿಜಾರು ದಾರಿ ಕಟ್ಟಲು ಎಷ್ಟು ಚೀಲ ಸಿಮೆಂಟು ಬೇಕು? ವರ್ಷಕ್ಕೊಮ್ಮೆ ಗಾಲಿಕುರ್ಚಿ ದಾನ ಮಾಡಿ, ಆ ಗಾಲಿಕುರ್ಚಿ ಒಳಬರಲಾಗದ ಕಟ್ಟಡಗಳನ್ನು ನಾವೇ ಕಟ್ಟುತ್ತಿದ್ದರೆ ಅದನ್ನು ಸೇವೆ ಎನ್ನಲಾದೀತೇ?

ಹುಲ್ಲು ಮಾಡಿನ ಒಂದು ಶಾಲೆ ನೂರಾರು ಹಳ್ಳಿಗಳನ್ನು ತಲುಪಲು ದಶಕಗಳೇ ಬೇಕಾದವು. ಪ್ರತಿ ಪಟ್ಟಣದಲ್ಲೂ ಇನ್ನೊಂದು ಆಯಿಕುಡಿಯನ್ನು ಕಟ್ಟಬೇಕೆಂದು ನಾವು ಹೇಳುತ್ತಿಲ್ಲ. ಮೊದಲು ಬೇಕಾದುದು ಒಂದು ಪಟ್ಟಿ. ನಮ್ಮ ಬೀದಿಯಲ್ಲಿ, ನಮ್ಮ ವಾರ್ಡಿನಲ್ಲಿ 6 ವರ್ಷದೊಳಗಿನ ಇಂತಹ ಮಕ್ಕಳು ಯಾರ್ಯಾರ ಮನೆಯಲ್ಲಿದ್ದಾರೆ, ಅವರಲ್ಲಿ ಎಷ್ಟು ಮಂದಿಯನ್ನು ತಜ್ಞರು ನೋಡಿದ್ದಾರೆ ಎಂಬ ಪಟ್ಟಿ. ಆಶಾ ಕಾರ್ಯಕರ್ತೆ, ಅಂಗನವಾಡಿ ಶಿಕ್ಷಕಿ ಮತ್ತು ಊರಿನ ನಾಲ್ಕು ಯುವಕ ಯುವತಿಯರು ಸೇರಿದರೆ ಒಂದು ತಿಂಗಳಲ್ಲಿ ಅದು ಸಿದ್ಧವಾಗುತ್ತದೆ. ಕಟ್ಟಡ ಕಾಯಬಹುದು, ಫಲಕ ಕಾಯಬಹುದು, ಉದ್ಘಾಟನೆಗೆ ಬರಬೇಕಾದ ಸಚಿವರೂ ಕಾಯಬಹುದು. 9 ತಿಂಗಳಾದರೂ ಕೂರಲಾಗದ ಮಗು ಮಾತ್ರ ಕಾಯಲಾರದು.