ಹಣ ನಮ್ಮದು, ಮಾಡು ಅವರದು

ಏಪ್ರಿಲ್ ತಿಂಗಳು ಬಂತೆಂದರೆ ಮುಂಬಯಿಯ ನಮ್ಮವರ ಮನೆಗಳಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ಒಂದು, ಊರಿಗೆ ಹೋಗುವ ರೈಲಿನ ಟಿಕೆಟು ಸಿಕ್ಕಿತೇ ಎಂಬುದು. ಇನ್ನೊಂದು, "ಈ ಸಲ ಊರ ಮನೆಯ ರಿಪೇರಿ ಮುಗಿಸಿಯೇ ಬರಬೇಕು" ಎಂಬುದು. ಮೊದಲನೆಯ ಮಾತಿನ ಬಗ್ಗೆ ನನಗೆ ತಕರಾರಿಲ್ಲ. ಎರಡನೆಯದರ ಬಗ್ಗೆ ಇದೆ. ಈ ನಗರದಲ್ಲಿ ಮೂವತ್ತೆಂಟು ವರ್ಷ ದುಡಿದು, ಆ ಮಾತನ್ನು ಹತ್ತಾರು ಸಲ ಸ್ವತಃ ಆಡಿದವನು ನಾನು. ಅದರ ಬೆಲೆಯನ್ನು ತೆತ್ತವನು ಮಾತ್ರ ನನ್ನ ತಮ್ಮ. ಆದ್ದರಿಂದ ಈ ಲೇಖನದಲ್ಲಿ ಬೈಗಳು ಕಂಡರೆ, ಅದರಲ್ಲಿ ಮೊದಲ ಪಾಲು ನನ್ನದೇ ಎಂದು ವಾಚಕರು ತಿಳಿಯಬೇಕು.

ನಾನು ಹೇಳಹೊರಟದ್ದು ಇಷ್ಟೆ. ಊರ ಮನೆಯಲ್ಲಿ ಏನನ್ನು ಕೆಡವಬೇಕು, ಏನನ್ನು ಕಟ್ಟಬೇಕು, ಅಂಗಳದಲ್ಲಿ ಯಾವ ವಾಹನ ಇರಬೇಕು ಎಂಬ ತೀರ್ಮಾನ ಅಲ್ಲಿ ಮಳೆಗಾಲ ಕಳೆಯುವವರದ್ದು. ಹಣ ಕಳಿಸುವವರದ್ದಲ್ಲ.

ನಮ್ಮದು ಕುಂದಾಪುರದ ಕಡೆಯ ಒಂದು ಹಳ್ಳಿ. ಮುರಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು, ಎದುರಿಗೆ ಜಗಲಿ, ಪಕ್ಕದಲ್ಲಿ ಕೊಟ್ಟಿಗೆ. ನಮ್ಮ ಕಡೆ ಛಾವಣಿಗೆ ಮಾಡು ಎನ್ನುವುದು ತಮಗೆಲ್ಲ ತಿಳಿದದ್ದೇ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ, ಮುಳಿಹುಲ್ಲಿನ ಮಾಡುಗಳು ಹೋಗಿ ಕರಾವಳಿಯ ಉದ್ದಕ್ಕೂ ಕೆಂಪು ಹಂಚು ಬಂತು. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಸಾಕು. ಒಂದರ ತೋಡಿನಲ್ಲಿ ಇನ್ನೊಂದು ಕೂತು ನೀರನ್ನು ಕೆಳಗೆ ಜಾರಿಸುತ್ತದೆ. ಒಂದು ಹಂಚು ಒಡೆದರೆ ಆ ಒಂದನ್ನೇ ಬದಲಿಸಿದರೆ ಮುಗಿಯಿತು. ವರ್ಷಕ್ಕೊಮ್ಮೆ ಮಳೆಗೆ ಮೊದಲು ಹಂಚು ಕೈಯಾಡಿಸಬೇಕು. ಪಕಾಸಿ, ರೀಪುಗಳಿಗೆ ಗೆದ್ದಲು ಹತ್ತಿದೆಯೇ ನೋಡಿ ಗೇರೆಣ್ಣೆ ಬಳಿಯಬೇಕು. ತಂದೆಯವರು ಇರುವಷ್ಟು ಕಾಲ ಈ ಕೆಲಸ ಒಂದು ವರ್ಷವೂ ತಪ್ಪಲಿಲ್ಲ.

2008ರಲ್ಲಿ ಅವರು ತೀರಿಹೋದರು. 2011ರ ಮೇ ತಿಂಗಳಲ್ಲಿ ನಾನು ಇಪ್ಪತ್ತು ದಿನಗಳ ರಜೆ ಪಡೆದು, ಮೇಸ್ತ್ರಿಯನ್ನು ಫೋನಿನಲ್ಲೇ ಗೊತ್ತು ಮಾಡಿ, ಊರಿಗೆ ಇಳಿದೆ. ಮನೆಯ ಮುಂಭಾಗದ ಮಾಡನ್ನು ಇಳಿಸಿ ಕಾಂಕ್ರೀಟು ಸ್ಲ್ಯಾಬು ಹಾಕಿಸುವುದೆಂದು ಮುಂಬಯಿಯಲ್ಲೇ ತೀರ್ಮಾನವಾಗಿತ್ತು. ತೀರ್ಮಾನ ಮಾಡಿದವರು ಯಾರು? ನಾನು, ನನ್ನ ಹೆಂಡತಿ, ಮತ್ತು ನಮ್ಮ ಕಟ್ಟಡದ ಮೂರನೆಯ ಮಾಳಿಗೆಯಲ್ಲಿದ್ದ ಇನ್ನೊಬ್ಬ ಊರಿನವರು. ಆ ಮನೆಯಲ್ಲಿ ವಾಸವಾಗಿದ್ದ ತಾಯಿಯನ್ನಾಗಲಿ, ತಮ್ಮನನ್ನಾಗಲಿ, ಅವನ ಹೆಂಡತಿಯನ್ನಾಗಲಿ ಯಾರೂ ಕೇಳಲಿಲ್ಲ. ಆಮೇಲೆ ತಿಳಿಯಿತು, ತಮ್ಮನಲ್ಲೂ ಒಂದು ಪಟ್ಟಿ ಇತ್ತು: ಅಡಿಗೆಮನೆಯ ಮೇಲಿನ ಗೆದ್ದಲು ಹಿಡಿದ ನಾಲ್ಕು ಪಕಾಸಿ, ಅಮ್ಮನಿಗೆ ರಾತ್ರಿ ಅಂಗಳಕ್ಕೆ ಇಳಿಯದೆ ಹೋಗಲು ಮೆಟ್ಟಿಲಿಲ್ಲದ ಒಂದು ಬಚ್ಚಲು, ಮತ್ತು ಟಿಲ್ಲರಿನ ಟ್ರೇಲರಿಗೆ ಬ್ರೇಕು. ನನ್ನ ಸ್ಲ್ಯಾಬಿಗೆ ಬಿದ್ದ ಖರ್ಚಿನ ಕಾಲುಭಾಗದಲ್ಲಿ ಈ ಮೂರೂ ಆಗುತ್ತಿದ್ದವು.

ಹತ್ತನಾವಧಿ ಕಳೆದರೆ ಯಕ್ಷಗಾನದ ಮೇಳಗಳೂ ಗೆಜ್ಜೆ ಬಿಚ್ಚಿ ಮನೆಗೆ ಹೋಗುತ್ತವೆ. ಮಳೆ ಬರುತ್ತದೆಂಬ ಬುದ್ಧಿ ಅವರಿಗಿದೆ. ನಾವು ಮುಂಬಯಿಯವರು ಮಾತ್ರ ಆಗ ಸಿಮೆಂಟು ತರಿಸುತ್ತೇವೆ! ಏಕೆಂದರೆ ಮಕ್ಕಳ ಶಾಲೆಗೆ ರಜೆ ಆಗ ತಾನೆ. ಕಾಂಕ್ರೀಟಿಗೆ ನಮ್ಮ ರಜೆಯ ಲೆಕ್ಕ ತಿಳಿಯುವುದಿಲ್ಲ. ನಾಲ್ಕೂವರೆ ಮೀಟರಿಗಿಂತ ಹರವು ಹೆಚ್ಚಿದ್ದರೆ ಸ್ಲ್ಯಾಬಿನ ಕೆಳಗಿನ ಆಸರೆಯನ್ನು 14 ದಿನವಾದರೂ ತೆಗೆಯಬಾರದು. ಅಷ್ಟೂ ದಿನ ಮೇಲೆ ನೀರು ನಿಲ್ಲಿಸಿ ತಂಪಾಗಿಡಬೇಕು. ನಮ್ಮ ಮನೆಯಲ್ಲಿ ಹತ್ತನೆಯ ದಿನ ಸೆಂಟ್ರಿಂಗ್ ಬಿಚ್ಚಿಸಿದೆ. ನನ್ನ ರೈಲು ಹನ್ನೊಂದನೆಯ ದಿನವಿತ್ತು.

ಇನ್ನು ನಮ್ಮ ಕರಾವಳಿಯ ಗಾಳಿ. ಅದರಲ್ಲಿ ಉಪ್ಪಿದೆ. ಉಪ್ಪು ಕಾಂಕ್ರೀಟಿನ ಒಳಗೆ ನುಸುಳಿ ಕಬ್ಬಿಣದ ಸರಳನ್ನು ಮುಟ್ಟಿದರೆ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಇದನ್ನು ತಡೆಯಲು ಕಡಲ ಗಾಳಿಗೆ ಒಡ್ಡಿದ ಕಾಂಕ್ರೀಟಿನಲ್ಲಿ ಸರಳಿನ ಮೇಲೆ 45 ಮಿಲಿಮೀಟರ್ ಹೊದಿಕೆ ಇರಬೇಕೆಂದು 2000ದಲ್ಲಿ ಪರಿಷ್ಕರಿಸಿದ ಭಾರತೀಯ ಮಾನಕ 456 ಹೇಳುತ್ತದೆ. ನಮ್ಮ ಮನೆಯ ಸ್ಲ್ಯಾಬಿನ ಕೆಳಮೈ ಉದುರಿದಾಗ ಕಂಡ ಸರಳಿಗೆ ಅರ್ಧ ಇಂಚಿನ ಹೊದಿಕೆಯೂ ಇರಲಿಲ್ಲ. ಮೇಸ್ತ್ರಿಯನ್ನು ದೂರಲೇ? ಅವನಿಗೆ ಅವಸರ ಮಾಡಿದವನು ನಾನು. ದರ ಇಳಿಸಿದವನೂ ನಾನೇ.

ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳಲ್ಲಿ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ಚಪ್ಪಟೆ ತಾರಸಿ ಎಷ್ಟು ದಿನ ತಡೆದೀತು? 2017ರಲ್ಲಿ ಸೋರತೊಡಗಿತು. 2019ರಲ್ಲಿ ಸ್ಲ್ಯಾಬಿನ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಶೀಟು ಹೊದೆಸಿದೆವು. ನೀವೂ ಊರಿಗೆ ಹೋದಾಗ ರಸ್ತೆಯ ಎರಡೂ ಬದಿ ನೋಡಿ: ತಾರಸಿಯ ಮೇಲೆ ಶೀಟಿನ ಮಾಡು, ಮನೆಯಿಂದ ಮನೆಗೆ, ಸಾಲುಸಾಲು. ಮಾಡನ್ನು ಕೆಡವಿ ಸ್ಲ್ಯಾಬು ಹಾಕಿ, ಸ್ಲ್ಯಾಬನ್ನು ಕಾಯಲು ಮತ್ತೆ ಮಾಡು ಹಾಕುವ ಈ ಜಾಣತನಕ್ಕೆ ಏನೆನ್ನಬೇಕು? ಬೇಸಗೆಯಲ್ಲಿ ಆ ಕೋಣೆ ಕಾದ ಹಂಚಿನಂತಾಗುತ್ತದೆ. ಅಮ್ಮ ಇಂದಿಗೂ ಮಲಗುವುದು ಹಿಂಭಾಗದಲ್ಲಿ, ಉಳಿದ ಹಳೆಯ ಮಾಡಿನ ಕೆಳಗೆ. ಮುಂಭಾಗದ ನುಣುಪು ನೆಲದ ಮೇಲೆ ಆಕೆ ಗೋಡೆ ಹಿಡಿದೇ ನಡೆಯುತ್ತಾಳೆ.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಸೋರುವುದಕ್ಕೆ ಹಣ ಸುರಿದರಾಯಿತು. ಟ್ರೇಲರಿನ ಕಥೆ ಹಾಗಲ್ಲ.

ತಮ್ಮನಲ್ಲಿ 12 ಅಶ್ವಶಕ್ತಿಯ ಟಿಲ್ಲರು, ಅದಕ್ಕೊಂದು ಟ್ರೇಲರು ಇತ್ತು. 2021ರಲ್ಲಿ ನಾನು ಊರಿಗೆ ಹೋದಾಗ ಪಾಗಾರ ಕಟ್ಟಿಸುವ ಹುಚ್ಚು ಹತ್ತಿತ್ತು. ಮುರಕಲ್ಲು ತರಬೇಕು. ಒಂದೊಂದು ಕಲ್ಲು ಸುಮಾರು ಮೂವತ್ತು ಕಿಲೋ. ಟ್ರೇಲರು ಹೊರುವುದು 50 ಕಲ್ಲು. ಹೀಗಾದರೆ ನನ್ನ ರಜೆ ಮುಗಿಯುವುದರೊಳಗೆ ಕೆಲಸ ಮುಗಿಯದು ಎಂದು ವೆಲ್ಡಿಂಗಿನವನನ್ನು ಕರೆಸಿ ಟ್ರೇಲರಿನ ಸುತ್ತ ಒಂದೂವರೆ ಅಡಿ ಹಲಗೆ ಏರಿಸಿದೆ. 80 ಕಲ್ಲು ಹೇರಿಸಿದೆ. ತಮ್ಮ ಅಂದ: "ಅಣ್ಣಯ್ಯ, ನಮ್ ಗೇಟಿನ ಹತ್ರ ಇಳ್ಕಲ್ ಇತ್ತಲ್ದಾ? ಹಲ್ಗೆ ಏರ್ಸುದ್ ಬ್ಯಾಡ. ಮೊದ್ಲ್ ಬ್ರೇಕ್ ಮಾಡ್ಸುವ." ನಾನಂದೆ, "ನೂರು ಗಜದ ಇಳಿಜಾರಿಗೆ ಹೆದರುತ್ತೀಯಾ?"

ಟಿಲ್ಲರು ನಡೆಸದವರಿಗೆ ಒಂದು ಸಂಗತಿ ತಿಳಿದಿರುವುದಿಲ್ಲ. ನನಗೂ ತಿಳಿದಿರಲಿಲ್ಲ. ಅದರ ಎರಡು ಹಿಡಿಗಳ ಕೆಳಗೆ ತಿರುಗಿಸುವ ಕ್ಲಚ್ಚುಗಳಿವೆ. ಸಮನೆಲದಲ್ಲಿ ಬಲಗಡೆಯದನ್ನು ಹಿಡಿದರೆ ಗಾಡಿ ಬಲಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಹಿಂದಿನ ಹೇರು ದೂಡತೊಡಗಿದಾಗ ಅದನ್ನೇ ಹಿಡಿದರೆ ಗಾಡಿ ಎಡಕ್ಕೆ ಎಳೆಯುತ್ತದೆ. ಬಲಗಾಲಿ ಬಿಡುಗಡೆಯಾಗಿ ಉರುಳುತ್ತದೆ. ಎಡಗಾಲಿಯನ್ನು ಎಂಜಿನ್ನು ಹಿಡಿದಿಡುತ್ತದೆ. ಇದು ತಮ್ಮನಿಗೆ ಚೆನ್ನಾಗಿ ಗೊತ್ತು. ಆದರೆ ಹೇರು ಅಷ್ಟಿರುವಾಗ ಗೊತ್ತಿದ್ದದ್ದನ್ನು ಬಳಸಲು ಸಮಯ ಸಿಗಬೇಕಲ್ಲ? ಟ್ರೇಲರು ದೂಡಿತು, ಟಿಲ್ಲರು ಮಡಚಿಕೊಂಡು ಚರಂಡಿಗೆ ಇಳಿಯಿತು, ಅವನ ಎಡಗಾಲಿನ ಎಲುಬು ಎರಡು ಕಡೆ ಮುರಿಯಿತು. ನಾನು ಓಡಿಹೋಗಿ ಕಲ್ಲುಗಳನ್ನು ಸರಿಸುತ್ತಿದ್ದರೆ ಅವನು, "ಹೋಯ್ತ್ ಬಿಡ್, ಕಲ್ ಒಡಿಲಿಲ್ಲೆ" ಎಂದ. "ಆಗಲೇ ಹೇಳಿದ್ದೆ" ಎಂದು ಅವನು ಅಂದೂ ಅನ್ನಲಿಲ್ಲ, ಇಂದೂ ಅಂದಿಲ್ಲ. ಆ ವರ್ಷ ನಮ್ಮ ಗದ್ದೆಯಲ್ಲಿ ನಾಟಿಯಾಗಲಿಲ್ಲ. ಪಾಗಾರ ಮಾತ್ರ ನೆಟ್ಟಗೆ ನಿಂತಿದೆ.

ಈಗ ಕೊಟ್ಟಿಗೆಯ ಮೂಲೆಯಲ್ಲಿರುವ ಜೀಪಿನ ಮಾತು. ತಂದೆಯವರ ಜೀಪು. "ಮಾರಬೇಡ, ಮುಂದಿನ ವರ್ಷ ಬಂದಾಗ ನಾನೇ ಸರಿ ಮಾಡಿಸುತ್ತೇನೆ" ಎಂದು ಎಷ್ಟು ವರ್ಷ ಹೇಳಿದೆನೋ ಲೆಕ್ಕವಿಲ್ಲ. ಓಡದ ಗಾಡಿ ಕೂತಲ್ಲೇ ಸಾಯುತ್ತದೆ. ಬ್ಯಾಟರಿ ಇಳಿಯುತ್ತದೆ, ಡೀಸೆಲ್ ಟಾಂಕಿ ತುಕ್ಕು ಹಿಡಿಯುತ್ತದೆ, ರಬ್ಬರು ಒಣಗಿ ಬಿರಿಯುತ್ತದೆ, ವಯರನ್ನು ಇಲಿ ತಿನ್ನುತ್ತದೆ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಅನಂತರ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಮುಂಬಯಿಯಲ್ಲಿ ಕೂತು ಇದನ್ನೆಲ್ಲ ಯಾರು ಮಾಡುತ್ತಾರೆ? ಕಳೆದ ವರ್ಷ ಹೋದಾಗ ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಆ ಜೀಪು ಓಡುತ್ತಿದ್ದಾಗಲೇ ಮಾರಿದ್ದರೆ ಆ ಹಣಕ್ಕೆ ತಮ್ಮನಿಗೊಂದು ಹಳೆಯ ಗೂಡ್ಸ್ ರಿಕ್ಷಾ ಬರುತ್ತಿತ್ತು. ತೆಂಗಿನಕಾಯಿ ಸಂತೆಗೆ ಹೋಗುತ್ತಿತ್ತು. ನನ್ನ ಪಿತೃಭಕ್ತಿಗೆ ಅವನ ಕೊಟ್ಟಿಗೆಯಲ್ಲಿ ಜಾಗ ಹಿಡಿದಿಟ್ಟೆ.

ನಮ್ಮ ಮಿತ್ರರು ಇದಕ್ಕೆ ಹೇಳುವ ಉತ್ತರಗಳು ನನಗೆ ಗೊತ್ತು. ಹಂಚು ಕೈಯಾಡಿಸುವವರು ಈಗ ಎಲ್ಲಿ ಸಿಗುತ್ತಾರೆ, ಮಂಗಗಳು ಹಂಚು ಒಡೆಯುತ್ತವೆ, ಒಳ್ಳೆಯ ಮೋಪಿನ ಬೆಲೆ ಕೇಳಿದರೆ ತಲೆ ತಿರುಗುತ್ತದೆ ಎನ್ನುತ್ತಾರೆ. ಎಲ್ಲವೂ ನಿಜ. ಕಾಂಕ್ರೀಟು ಪಾಪವೆಂದು ನಾನು ಹೇಳುತ್ತಿಲ್ಲ. ಅಮ್ಮನ ಬಚ್ಚಲಿಗೆ ಕಾಂಕ್ರೀಟೇ ಬೇಕು. ಇಡೀ ವರ್ಷ ಮಂಗನ ಕಾಟ ಅನುಭವಿಸುವ ತಮ್ಮನೇ "ಸ್ಲ್ಯಾಬು ಹಾಕಿಸುವ" ಎಂದರೆ ನಾನು ಎರಡು ಮಾತಾಡುವುದಿಲ್ಲ. ಆದರೆ ಅದನ್ನು ಅವನು ಹೇಳಬೇಕು.

"ಹಣ ನಮ್ಮದಲ್ಲವೇ?" ಎನ್ನುವವರಿದ್ದಾರೆ. ಈ ಮಾತಿನಲ್ಲೇ ರೋಗದ ಬೇರಿದೆ. ನಾವು ಊರ ಮನೆಗೆ ಕಾಂಕ್ರೀಟು ಸುರಿಯುವುದು ಮನೆ ಸೋರುತ್ತದೆಂದಲ್ಲ, ಪಹಣಿಯಲ್ಲಿರುವ ನಮ್ಮ ಹೆಸರು ಊರವರಿಗೆ ಕಾಣಲೆಂದು. ನಾಳೆ ಪಾಲಿನ ಮಾತು ಬಂದಾಗ "ಇದನ್ನು ಕಟ್ಟಿಸಿದ್ದು ನಾನು" ಎನ್ನಲೆಂದು. ಹನ್ನೊಂದು ತಿಂಗಳು ಆ ಮನೆಗೆ ದೀಪ ಹಚ್ಚಿದವರ, ತಾಯಿಯನ್ನು ನೋಡಿಕೊಂಡವರ, ಗದ್ದೆ ಬೀಳು ಬೀಳದಂತೆ ಕಾದವರ ದುಡಿಮೆಗೆ ರಶೀದಿಯಿಲ್ಲ. ನಮ್ಮ ಸಿಮೆಂಟಿಗೆ ರಶೀದಿಯಿದೆ. ಇದು ನ್ಯಾಯವೇ?

ಹಾಗಾದರೆ ಮಾಡಬೇಕಾದದ್ದೇನು? ಮೇ ತಿಂಗಳಲ್ಲಿ ಮೇಸ್ತ್ರಿಗೆ ಫೋನು ಮಾಡುವ ಬದಲು ದೀಪಾವಳಿಯಲ್ಲಿ ಮನೆಗೆ ಫೋನು ಮಾಡಿ, "ಈ ವರ್ಷ ಏನು ಆಗಬೇಕು?" ಎಂದು ಕೇಳೋಣ. ಕೆಲಸ ಡಿಸೆಂಬರಿನಿಂದ ಮಾರ್ಚಿಯೊಳಗೆ ನಡೆಯಲಿ, ನಾವಿಲ್ಲದಿದ್ದರೂ ನಡೆಯಲಿ. ಹತ್ತು ವರ್ಷಕ್ಕೊಮ್ಮೆ ದೊಡ್ಡ ಗಂಟು ಕೊಡುವ ಬದಲು ವರ್ಷವರ್ಷವೂ ಹಂಚಿಗೆ, ಗೇರೆಣ್ಣೆಗೆ, ಆಚಾರಿಯ ಕೂಲಿಗೆ ಸ್ವಲ್ಪ ಕಳಿಸೋಣ. ಓಡಿಸುವವರ ಹೆಸರಿಗೆ ವಾಹನ ಮಾಡಿಕೊಡೋಣ. ಅವರು ಮಾರುವುದಾದರೆ ಮಾರಲಿ. ನಮ್ಮ ಸಂಘದಲ್ಲಿ ಎಂಜಿನಿಯರರಿದ್ದಾರೆ, ವೆಲ್ಡಿಂಗ್ ಬಲ್ಲವರಿದ್ದಾರೆ, ಗ್ಯಾರೇಜು ನಡೆಸುವವರಿದ್ದಾರೆ. ಸಂಗೀತಕ್ಕೂ ಸನ್ಮಾನಕ್ಕೂ ಸಂಜೆಗಳಿರುವಾಗ, ಊರ ಮನೆಯ ಕಷ್ಟಗಳನ್ನು ಇವರ ಮುಂದಿಟ್ಟು ಸಲಹೆ ಕೇಳಲು ವರ್ಷಕ್ಕೊಂದು ಸಂಜೆ ಇರಬಾರದೇ?

ಕಳೆದ ಫೆಬ್ರುವರಿಯಲ್ಲಿ ನಾನು ಕಾರ್ಯಕ್ರಮವೇನೂ ಇಟ್ಟುಕೊಳ್ಳದೆ ಊರಿಗೆ ಹೋದೆ. ಟ್ರೇಲರಿನ ಹಲಗೆ ಕಡಿಸಿ ಹಾಕಿದೆವು, ಬ್ರೇಕು ಕೂಡಿಸಿದೆವು. ಅಡಿಗೆಮನೆಯ ಮಾಡಿಗೆ ತಮ್ಮ ಏಣಿ ಹಾಕಿದ. ಕಾಲಿನೊಳಗೆ ಈಗಲೂ ಕಬ್ಬಿಣದ ಸಲಾಕೆ ಇರುವ ಅವನು ಮೇಲೆ, ಎರಡು ಕಾಲೂ ನೆಟ್ಟಗಿರುವ ನಾನು ಕೆಳಗೆ. "ನಾನು ಹತ್ತುತ್ತೇನೆ" ಎಂದೆ. "ನಿಂಗೆ ತಿಳಿಯುದಿಲ್ಲೆ ಅಣ್ಣಯ್ಯ, ನೀ ಹಂಚ್ ಕೊಡ್" ಎಂದ. ಕೊಟ್ಟೆ. ಅವನು ಕೇಳಿದಾಗ ಕೊಟ್ಟೆ, ಕೇಳಿದಷ್ಟೇ ಕೊಟ್ಟೆ.

ಪರವೂರಿನಲ್ಲಿರುವ ಅಣ್ಣಂದಿರಿಗೆ ಇದಕ್ಕಿಂತ ದೊಡ್ಡ ಕೆಲಸ ಊರ ಮನೆಯಲ್ಲಿ ಇಲ್ಲವೆಂಬುದು ನನ್ನ ಖಂಡಿತವಾದ ಅಭಿಪ್ರಾಯ.