ಚಳವಳಿ, ತರಗತಿ, ಕ್ಯಾಮೆರಾ

ಚಿಲಿ ದೇಶದ 2011ರ ವಿದ್ಯಾರ್ಥಿ ಚಳವಳಿಯ ಮುಂಚೂಣಿಯಲ್ಲಿದ್ದ ಕಮಿಲಾ ವಯೇಹೊ ಆಗ ಚಿಲಿ ವಿಶ್ವವಿದ್ಯಾಲಯದ ಭೂಗೋಳಶಾಸ್ತ್ರ ವಿದ್ಯಾರ್ಥಿನಿ, ಅಲ್ಲಿನ ವಿದ್ಯಾರ್ಥಿ ಒಕ್ಕೂಟದ ಅಧ್ಯಕ್ಷೆ, ವಯಸ್ಸು 23. ಉಚಿತ, ಗುಣಮಟ್ಟದ ಸಾರ್ವಜನಿಕ ಶಿಕ್ಷಣ ಬೇಕೆಂದು ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಕ್ಯಾಂಪಸ್‌ಗಳನ್ನೇ ವಶಪಡಿಸಿಕೊಂಡು ಕೂತಿದ್ದರಿಂದ ಪಾಠ ತಪ್ಪಿದ್ದು ನಾಯಕಿಯೊಬ್ಬರಿಗೇ ಅಲ್ಲ, ಎಲ್ಲರಿಗೂ. ವರ್ಷ ದಂಡವಾದೀತೆಂಬ ಸಹಪಾಠಿಗಳ ಆತಂಕಕ್ಕೂ ಒಕ್ಕೂಟವೇ ಉತ್ತರ ಹೇಳಬೇಕಿತ್ತು. ಮಾಧ್ಯಮದ ಕಾಟ ಬೇರೆ. ಬೇಡಿಕೆಗಳಿಗಿಂತ ಆಕೆಯ ರೂಪ, ಮೂಗಿನ ಬೆಳ್ಳಿ ರಿಂಗು ವರದಿಗಾರರಿಗೆ ಹೆಚ್ಚು ರುಚಿಸಿದವು. ಆಕೆ ಅದನ್ನು ಜಾಣತನದಿಂದಲೇ ನಿಭಾಯಿಸಿದರು: ಕ್ಯಾಮೆರಾ ಯಾಕೆ ಬಂತೆಂದು ಜಗಳಕ್ಕಿಳಿಯದೆ, ಬಂದ ಕ್ಯಾಮೆರಾದ ಮುಂದೆ ಶುಲ್ಕ, ಶಿಕ್ಷಣ ಸಾಲಗಳ ವಿಷಯವನ್ನೇ ಬಿಡಿಸಿಟ್ಟರು. ಪ್ರಸಿದ್ಧಿಯ ಬೆನ್ನಿಗೇ ಬೆದರಿಕೆಗಳೂ ಬಂದು ಪೊಲೀಸ್ ರಕ್ಷಣೆ ಬೇಕಾಯಿತು. ಇಷ್ಟಾದರೂ ಹೊರಗಿನ ಖ್ಯಾತಿ ಕ್ಯಾಂಪಸ್ಸಿನಲ್ಲಿ ಗೆಲುವು ತಂದುಕೊಡಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ನಡೆದ ಒಕ್ಕೂಟದ ಚುನಾವಣೆಯಲ್ಲಿ ಕಾನೂನು ವಿದ್ಯಾರ್ಥಿ ಗೇಬ್ರಿಯಲ್ ಬೋರಿಕ್ ಎದುರು ಸೋತು ಉಪಾಧ್ಯಕ್ಷೆಯಾದರು. 2013ರಲ್ಲಿ ಪದವಿ ಮುಗಿಸಿದರು, ಅದೇ ವರ್ಷ ಸಂಸತ್ತಿಗೂ ಆಯ್ಕೆಯಾದರು. ಬೋರಿಕ್ ಮಾತ್ರ ಕಾನೂನು ಪದವಿಯನ್ನು ಪೂರೈಸಲೇ ಇಲ್ಲ. 2022ರಲ್ಲಿ ಅವರು ರಾಷ್ಟ್ರಾಧ್ಯಕ್ಷರಾದಾಗ ಸರ್ಕಾರದ ವಕ್ತಾರ ಸಚಿವೆಯಾಗಿ ಪಕ್ಕದಲ್ಲಿದ್ದವರು ವಯೇಹೊ.