ಓದಲಾಗದ ಲಿಪಿಯೂ ನಮ್ಮ ಅಭಿಮಾನವೂ

ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ನನ್ನ ಶಾಲೆಯ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಸಿಂಧೂ ಲಿಪಿಯನ್ನು ಕುರಿತೇ ಬರೆಯಬೇಕೆನಿಸಿತು. ಆ ಲಿಪಿಯನ್ನು ಓದಿದವರಿಗೆ ಹತ್ತು ಲಕ್ಷ ಡಾಲರುಗಳ ಬಹುಮಾನವನ್ನು ತಮಿಳುನಾಡು ಸರ್ಕಾರವು 2025ರ ಜನವರಿಯಲ್ಲಿ ಘೋಷಿಸಿತು. ಅಂದಿನಿಂದ ಸೇಲಂ, ಧರ್ಮಪುರಿಯ ನಮ್ಮವರು ಕೂಡಿದಲ್ಲೆಲ್ಲ ಒಂದು ಪ್ರಶ್ನೆಯನ್ನು ಕೇಳುತ್ತಿದ್ದೇನೆ: "ಅದು ತಮಿಳೇ ಏಕಾಗಬೇಕು? ನಮ್ಮ ಕನ್ನಡ ಏಕಾಗಬಾರದು?" ಅಭಿಮಾನದ ಈ ಪ್ರಶ್ನೆಗೆ ಅವಸರದ ಉತ್ತರ ಸಲ್ಲದೆಂಬುದು ನನ್ನ ವಿನಮ್ರ ಅಭಿಪ್ರಾಯ.

ಇಲ್ಲಿ ಮೊದಲು ನಡೆಯಬೇಕಾದುದು ಎಣಿಕೆ. ಐರಾವತಂ ಮಹಾದೇವನ್ ಅವರು ಗಣಕಯಂತ್ರದ ನೆರವಿನಿಂದ ಸಿದ್ಧಪಡಿಸಿ 1977ರಲ್ಲಿ ಪ್ರಕಟಿಸಿದ ಸೂಚಿಯಲ್ಲಿ 400ಕ್ಕೂ ಹೆಚ್ಚು ಚಿಹ್ನೆಗಳಿವೆ. ಒಂದೊಂದು ಬರಹದಲ್ಲಿ ಸರಾಸರಿ ಐದೇ ಚಿಹ್ನೆಗಳು. ಪಾತ್ರೆಯಾಕಾರದ ಒಂದು ಚಿಹ್ನೆಯೇ ಒಟ್ಟು ಬಳಕೆಯಲ್ಲಿ ಸುಮಾರು ಹತ್ತನೆಯ ಒಂದು ಪಾಲು. ಅದು ಹೆಚ್ಚಾಗಿ ಬರಹದ ಕೊನೆಯಲ್ಲಿ ಬರುತ್ತದೆ. 2009ರಲ್ಲಿ ರಾಜೇಶ್ ರಾವ್, ನಿಶಾ ಯಾದವ್, ಮಯಾಂಕ್ ವಾಹಿಯಾ, ಮಹಾದೇವನ್ ಮೊದಲಾದವರು, ಒಂದು ಚಿಹ್ನೆಯಾದ ಮೇಲೆ ಮುಂದಿನದನ್ನು ಎಷ್ಟರಮಟ್ಟಿಗೆ ಊಹಿಸಬಹುದೆಂದು ಲೆಕ್ಕಹಾಕಿದರು. ಆ ಕ್ರಮ ಪೂರ್ಣ ಸ್ವೇಚ್ಛೆಯದೂ ಅಲ್ಲ, ಪೂರ್ಣ ಬಿಗಿಯಾದುದೂ ಅಲ್ಲ. ಭಾಷೆಗಳಲ್ಲಿ ಕಾಣುವ ಕ್ರಮಕ್ಕೆ ಸಮೀಪವಾದುದು ಎಂದರು.

ಆದರೆ ಭಾಷೆಯಲ್ಲದ ಸಂಕೇತಗಳಲ್ಲಿಯೂ ಇಂತಹ ಕ್ರಮವಿರಬಹುದೆಂದು ರಿಚರ್ಡ್ ಸ್ಪ್ರೋಟ್ ಮೊದಲಾದವರು ಆಕ್ಷೇಪಿಸಿದರು. ಮಗ್ಗದ ಮನೆಗಳಿಂದ ಬಂದ ನಮಗೆ ಈ ಮಾತು ಸುಲಭವಾಗಿ ಅರ್ಥವಾಗುತ್ತದೆ. ಸೀರೆಯ ಅಂಚಿನ ಹೂಬಳ್ಳಿಗೂ ಕ್ರಮವುಂಟು. ಆದರೂ ಅದನ್ನು ಯಾರೂ ಓದುವುದಿಲ್ಲ.

ಕನ್ನಡವರಿಯದವನೊಬ್ಬನು ನಮ್ಮ ಪಠ್ಯಪುಸ್ತಕದ ಅಕ್ಷರಗಳನ್ನು ಎಣಿಸಿದನೆಂದು ಭಾವಿಸೋಣ. 'ಳ', 'ಣ' ಅಕ್ಷರಗಳು ಪದದ ಆದಿಯಲ್ಲಿ ಬರುವುದಿಲ್ಲವೆಂಬುದನ್ನು ಅವನು ಕಂಡುಕೊಂಡಾನು. ಆದರೆ ಅವುಗಳ ಉಚ್ಚಾರವಾಗಲಿ ಪದದ ಅರ್ಥವಾಗಲಿ ಅವನಿಗೆ ತಿಳಿಯದು. ತಮಿಳು ಪುಸ್ತಕವನ್ನು ಎಣಿಸಿದರೂ ಅದೇ ನಿಯಮ ದೊರೆಯುತ್ತದೆ! ಹೀಗಿರುವಾಗ ಬರಿಯ ಎಣಿಕೆಯನ್ನು ನಂಬಿ ಕನ್ನಡವೆಂದೋ ತಮಿಳೆಂದೋ ತೀರ್ಪು ನೀಡುವುದು ಹೇಗೆ? ಷಾಂಪೋಲಿಯೋನನು 1822ರಲ್ಲಿ ಈಜಿಪ್ಟಿನ ಲಿಪಿಯನ್ನು ಬಿಡಿಸಲು ಎರಡು ಭಾಷೆಗಳ ಶಿಲಾಲೇಖ ನೆರವಾಯಿತು. ಸಿಂಧೂ ಲಿಪಿಗೆ ಅಂತಹ ಆಧಾರ ಇಂದಿಗೂ ದೊರೆತಿಲ್ಲ. ಮಹಾದೇವನ್, ಆಸ್ಕೋ ಪಾರ್ಪೋಲ ಮೊದಲಾದ ವಿದ್ವಾಂಸರು ಅದರ ಭಾಷೆ ದ್ರಾವಿಡ ಮೂಲದ್ದೆಂದು ಅಭಿಪ್ರಾಯಪಟ್ಟಿರುವುದು ನಿಜ. ಹಾಗೆಯೇ ಸಿದ್ಧವಾದರೂ ನಾಲ್ಕು ಸಾವಿರ ವರ್ಷಗಳ ಹಿಂದಿನ ಆ ನುಡಿ ಇಂದಿನ ತಮಿಳೂ ಅಲ್ಲ, ಕನ್ನಡವೂ ಅಲ್ಲ. ಮುತ್ತಜ್ಜಿಯ ಆಸ್ತಿಗಾಗಿ ಮೊಮ್ಮಕ್ಕಳು ಪತ್ರವನ್ನೇ ಓದದೆ ಜಗಳವಾಡಿದಂತಾದೀತು.

ಇನ್ನೊಂದು ಮಾತು. ಧರ್ಮಪುರಿಯಲ್ಲಿ ಒಂಬತ್ತನೆಯ ಶತಮಾನದ ನೊಳಂಬರ ಕನ್ನಡ ಶಾಸನಗಳು ದೊರೆತಿವೆ. ಅವುಗಳನ್ನು ಓದಲು ಯಾವ ಬಹುಮಾನವನ್ನೂ ಘೋಷಿಸಬೇಕಾಗಲಿಲ್ಲ. ಅಕ್ಷರದ ರೂಪ ಬದಲಾದರೂ ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಓದು ಹರಿದುಬಂದುದೇ ಅದಕ್ಕೆ ಕಾರಣ. ಸಿಂಧೂ ಲಿಪಿಯಲ್ಲಿ ಕಡಿದುಹೋದದ್ದು ಈ ಸರಪಣಿ. ಇಂದು ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ಕನ್ನಡವನ್ನು ಆಡಬಲ್ಲರು, ಆದರೆ ಓದಲಾರರು. ನಾಲ್ಕು ಸಾವಿರ ವರ್ಷಗಳ ಹಿಂದಿನ ಮುದ್ರೆಗಳ ಮೇಲೆ ಹಕ್ಕು ಸಾಧಿಸುವ ನಾವು, ಅಜ್ಜ ಬರೆದ ಕಾಗದವನ್ನು ಮೊಮ್ಮಗ ಓದಲಾರನೆಂಬುದಕ್ಕೆ ಮರುಗಬೇಡವೇ?

ಆದುದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಬಿನ್ನಹವಿಷ್ಟೆ. ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ನಮ್ಮ ಸೀಮೆಯ ಶಾಸನಗಳ ಬಳಿಗೆ ಕರೆದೊಯ್ಯೋಣ. ಅಕ್ಷರಗಳನ್ನು ಎಣಿಸಲು ಕಲಿಸೋಣ, ಓದಲೂ ಕಲಿಸೋಣ. ಎಣಿಕೆಯಿಂದ ತಾಳ್ಮೆ ಬಂದೀತು, ಓದಿನಿಂದ ನುಡಿ ಉಳಿದೀತು. ಐವತ್ತು ವರ್ಷ ಈ ಸರಪಣಿಯನ್ನು ಕಡಿಯಗೊಡದ ನಮ್ಮ ಗುರುವೃಂದಕ್ಕೆ ನನ್ನ ಪ್ರಣಾಮಗಳು.